ಸಲೀಸಾಗಿ ಉಸಿರಾಡಿಸಿದ ಡಬ್ಬಿ

ಒಂದು ವಸ್ತುವನ್ನು ಸರಳ ಮಾಡುವುದು ಎಷ್ಟು ಅಪಾಯದ ಕೆಲಸ ಎಂಬುದು ನನಗೆ ತಿಳಿದದ್ದು ತಾಂಡೂರಿನಲ್ಲಿ. ತೊಡಕಿನ ಯಂತ್ರ ಕೆಟ್ಟರೆ ಕೂಡಲೇ ಗೊತ್ತಾಗುತ್ತದೆ. ಗರಗರ ಎನ್ನುತ್ತದೆ, ಹೊಗೆ ಬಿಡುತ್ತದೆ, ನಿಂತುಬಿಡುತ್ತದೆ. ಸರಳವಾದದ್ದು ಕೆಟ್ಟರೆ ಮೊದಲಿಗಿಂತ ಚೆನ್ನಾಗಿ ನಡೆಯುತ್ತಿರುವಂತೆ ಕಾಣುತ್ತದೆ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ, ಅವಸರವಿಲ್ಲದೆ ಹೇಳುತ್ತೇನೆ.

ಆಗ ನಿಜಾಮರ ಆಳ್ವಿಕೆ. ದೂರದಲ್ಲಿ ದೊಡ್ಡ ಯುದ್ಧ ನಡೆದಿತ್ತು. ನಾನು ತಾಂಡೂರಿನ ಒಂದು ನೆಲಕ್ಕೆ ಹಾಸುವ ಫರಸಿ ಕಲ್ಲಿನ ಕಾರ್ಖಾನೆಯಲ್ಲಿ ಸಾಮಾನು ಕೋಣೆ ನೋಡಿಕೊಳ್ಳುತ್ತಿದ್ದೆ. ನನ್ನ ಅಕ್ಕ ನೀಲಮ್ಮನ ಗಂಡ ಶರಣಪ್ಪ ಭಾವ ಅಲ್ಲಿಯೇ ಎಣ್ಣೆ ಎಂಜಿನ್ನಿನಿಂದ ತಿರುಗುವ ಚಕ್ರದ ಮುಂದೆ ಕೂತು ಕಲ್ಲಿನ ಅಂಚು ಉಜ್ಜುತ್ತಿದ್ದರು. ಸಂಜೆ ಅವರು ಹೊರಗೆ ಬಂದರೆ ಮೈತುಂಬ ವಿಭೂತಿ ಬಳಿದುಕೊಂಡ ಜಂಗಮರಂತೆ ಕಾಣುತ್ತಿದ್ದರು. ನಾವು ನಗುತ್ತಿದ್ದೆವು, ಅವರೂ ನಗುತ್ತಿದ್ದರು. ನಗು ಕೆಮ್ಮಾಗಿ ತಿರುಗಲು ಹತ್ತಿದ ಮೇಲೆ ನಾವು ನಗುವುದನ್ನು ಬಿಟ್ಟೆವು. ಹಕೀಮರು ಎದೆಗೆ ಕಿವಿಯಿಟ್ಟು ಕೇಳಿ, “ಇನ್ನೊಂದು ಬ್ಯಾಸಗಿ ಈ ಧೂಳ ನುಂಗಿದ್ರ ನನ್ನ ಕಡಿ ದವಾ ಇಲ್ಲ” ಎಂದರು.

ವಿದೇಶದಿಂದ ಬಂದ ಎರಡು ರಬ್ಬರಿನ ಮುಖವಾಡಗಳು ನನ್ನ ಕೋಣೆಯಲ್ಲೇ ಇದ್ದವು. ಬಾಯಿಯ ಕಡೆ ತಿರುಪಿ ಕೂಡಿಸುವ, ಉಸಿರಿನ ಗಾಳಿ ಸೋಸುವ ಡಬ್ಬಿ ಅವುಗಳ ಜೀವಾಳ. ಆ ಡಬ್ಬಿಗಳು ಧೂಳು ತುಂಬಿ ಕೆಟ್ಟಿದ್ದವು. ಹೊಸವು ಯುದ್ಧದಿಂದಾಗಿ ಬರುವಂತಿರಲಿಲ್ಲ.

“ತಮ್ಮಾ, ನೀ ಓದಿದಾಂವ. ಆ ಡಬ್ಬಿ ನೀನೇ ಮಾಡು. ಇಲ್ಲಂದ್ರ ನಾ ಈ ಕೆಲಸ ಬಿಡಿಸಿ ಇವರನ್ನ ಝರಾಸಂಗಮ್ ಊರಿಗೆ ಕರ್ಕೊಂಡು ಹೋಗ್ತೀನಿ” ಎಂದಳು ಅಕ್ಕ.

“ಅಲ್ಲಿ ಹೋಗಿ ಏನ್ ಮಾಡ್ಲಿ? ಕಲ್ಲ ಬಿಟ್ರ ನನಗ ಮತ್ತೇನ್ ಬರ್ತದ?” ಎಂದರು ಭಾವ.

“ಉಸಿರಾಡಾಕ ಬರ್ತದಲ್ಲ, ಅಷ್ಟ ಸಾಕು.”

ನಾನು ವಿದೇಶಿ ಡಬ್ಬಿಯನ್ನು ಕೊರೆದು ನೋಡಿದೆ. ಇದ್ದಿಲು, ಕಂಬಳಿಯಂಥ ಬಟ್ಟೆ, ತಂತಿ ಬಲೆ, ಸ್ಪ್ರಿಂಗು, ಏನೇನೋ ಇದ್ದವು. ಇದ್ದಿಲು ವಿಷಗಾಳಿಗೆ, ನಮ್ಮ ಶತ್ರು ಬರೀ ಧೂಳು ಎಂದು ಯೋಚಿಸಿ ಒಂದೊಂದನ್ನೇ ತೆಗೆಯುತ್ತ ಹೋದೆ. ತೆಗೆದಷ್ಟೂ ನನ್ನ ಬುದ್ಧಿವಂತಿಕೆಯ ಬಗ್ಗೆ ನನಗೆ ಗೌರವ ಹೆಚ್ಚಿತು. ಕೊನೆಗೆ ಉಳಿದದ್ದು ಇಷ್ಟು: ಎರಡೂ ಕಡೆ ತೂತು ಹೊಡೆದ ತಗಡಿನ ಡಬ್ಬಿ, ಆ ಕಡೆ ಈ ಕಡೆ ಮಲ್‌ಮಲ್ ಬಟ್ಟೆಯ ಬಿಲ್ಲೆ, ನಡುವೆ ಒತ್ತಾಗಿ ತುಂಬಿದ ಹತ್ತಿ. ಹತ್ತಿಯನ್ನು ನಾನೇ ನಾರಾಯಣಖೇಡಕ್ಕೆ ಹೋಗಿ, ಪಿಂಜಾರರಿಂದ ಎರಡು ಸಲ ಹಿಂಜಿಸಿ ತಂದೆ. ಎರಡು ಡಬ್ಬಿ ಮಾಡಿದೆ, ಭಾವನಿಗೊಂದು, ಪರೀಕ್ಷಿಸಲು ನನಗೊಂದು.

ಅಕ್ಕ, ಭಾವ, ನಾನು ಒಟ್ಟಿಗಿದ್ದ ನಮ್ಮ ಮನೆಯಲ್ಲಿ ಹೊಸ ಹತಾರ ಯಾವುದೇ ಬರಲಿ, ಕುಡಗೋಲಾಗಲಿ ತಕ್ಕಡಿಯಾಗಲಿ, ದೇವರ ಮಾಡದಲ್ಲಿಟ್ಟು ವಿಭೂತಿ ಹಚ್ಚದೆ ಬಳಸುವಂತಿರಲಿಲ್ಲ. ಭಾನುವಾರ ಡಬ್ಬಿಗಳನ್ನು ಮನೆಯ ಪೂಜೆ ನೋಡಿಕೊಳ್ಳುತ್ತಿದ್ದ ನಮ್ಮ ದೊಡ್ಡವ್ವನ ಕೈಗೆ ಕೊಟ್ಟೆ. ಸೋಮವಾರ ಅವಳು ಪೂಜೆ ಮಾಡಿ, ಮೂರೆಳೆ ವಿಭೂತಿ ಎಳೆದು ಮರಳಿ ಕೊಟ್ಟಳು.

ಕಾರ್ಖಾನೆಯಲ್ಲಿ ಭಾವ ಮುಖವಾಡ ಕಟ್ಟಿಕೊಂಡಾಗ ಜೊತೆಯವರು, “ಏ ಶರಣಪ್ಪ, ಎತ್ತಿನ ಬಾಯಿಗೆ ಕಟ್ಟೋ ಕುಕ್ಕಿ ನಿನಗ ಯಾರ್ ಕಟ್ಟ್ಯಾರೋ?” ಎಂದು ಚೇಷ್ಟೆ ಮಾಡಿದರು. ಭಾವ ಉಸಿರೆಳೆದರು. ಕಣ್ಣರಳಿದವು. ಮುಖವಾಡ ಸರಿಸಿ, “ಕಮಾಲ್ ಮಾಡಿದಿ! ಕಟ್ಕೊಂಡೀನಿ ಅಂತ ಗೊತ್ತೇ ಆಗವಲ್ದು!” ಎಂದರು. ನಾನೂ ನನ್ನದನ್ನು ಕಟ್ಟಿಕೊಂಡು ಪಕ್ಕದಲ್ಲಿ ನಿಂತೆ. ನಿಜ, ಗಾಳಿ ತಾನೇ ತಾನಾಗಿ ಬರುತ್ತಿತ್ತು. ಮಾಲೀಕರು ಬಂದು ಕೇಳಿದಾಗ, “ಧೂಳಿನ ಸುಳಿವೇ ಇಲ್ರಿ, ತೋಪಿನ ಗಾಳಿ ಕುಡದಂಗ ಅದ” ಎಂದು ಸಾಕ್ಷಿ ನುಡಿದೆ. ನಡುವೆ ನನಗೆ ಸೀನು ಬಂತು. ನಾರಾಯಣಖೇಡದ ದಾರಿಯ ಶೀತ ಎಂದುಕೊಂಡೆ. ಮಧ್ಯಾಹ್ನ ಭಾವ ಎಂದಿಗಿಂತ ಹೆಚ್ಚು ಕೆಮ್ಮಿದರು. “ಹಳೇ ಧೂಳು ಹೊರಗ ಬರಾಕತ್ತದ, ಹೆದರಬ್ಯಾಡ್ರಿ” ಎಂದು ನಾನು ಎಲ್ಲರಿಗೂ ವಿವರಿಸಿದೆ. ಹೌದು, ಹಾಗೆಯೇ ಅಂದೆ.

ಸಂಜೆ ಹತ್ತಿ ಎಷ್ಟು ಧೂಳು ಹಿಡಿದಿದೆ ಎಂದು ಮಾಲೀಕರಿಗೆ ತೋರಿಸಲು ಭಾವನ ಡಬ್ಬಿಯ ಮುಚ್ಚಳ ತೆರೆದೆ. ಮಲ್‌ಮಲ್ ಬಿಲ್ಲೆ ಎತ್ತಿದೆ. ಅದರ ಕೆಳಗೆ ಏನೂ ಇರಲಿಲ್ಲ. ತಗಡಿನ ತಳದಲ್ಲಿ ಇನ್ನೊಂದು ಬಿಲ್ಲೆ ಇತ್ತು, ಅದರ ಮೇಲೆ ನುಣ್ಣನೆಯ ಬಿಳಿ ಹುಡಿ. ನನ್ನ ಡಬ್ಬಿ ತೆರೆದೆ. ಅದೂ ಹಾಗೆಯೇ. ನನ್ನ ಕಿವಿಯಲ್ಲಿ ಎಂಜಿನ್ನು ನಿಂತಂತಾಯಿತು, ಅದು ನಡೆಯುತ್ತಲೇ ಇದ್ದರೂ. ಭಾವ ನನ್ನ ಮುಖ ನೋಡಿದರು, ಡಬ್ಬಿ ನೋಡಿದರು, ಕೆಮ್ಮಿದರು.

ಮನೆಗೆ ಓಡಿದೆ. ದೊಡ್ಡವ್ವ ದೇವರ ಮಾಡದ ಮುಂದೆ ಕೂತಿದ್ದಳು.

“ದೊಡ್ಡವ್ವ, ಡಬ್ಬ್ಯಾಗಿನ ಹತ್ತಿ ಎಲ್ಲದ?”

“ಉರೀಲಾಕತ್ತದ ನೋಡು” ಎಂದು ದೇವರ ದೀಪ ತೋರಿಸಿದಳು. “ಭಾಳ ಛಲೋ ಹತ್ತಿಯಪ್ಪ, ಬತ್ತಿ ಎಷ್ಟ್ ಚಂದ ಆದ್ವು! ಮಿಷನ್ನಿಗೆ ವಿಭೂತಿ ಹಚ್ಚಬೇಕಂತ ಡಬ್ಬಿ ತೆಗೆದೆ. ಒಳಗ ಮಿಷನ್ ಎಲ್ಲಿತ್ತು? ಅತ್ತರಿನ ಶೀಸೆ ಒಡೀಬಾರದಂತ ಹತ್ತಿ ತುಂಬಿ ಕಳಿಸ್ತಾರಲ್ಲ, ಹಂಗ ಬರೀ ಹತ್ತಿ. ಮಿಷನ್ ನೀ ಆಮ್ಯಾಲ ಹಾಕ್ತಿ ಅಂದ್ಕೊಂಡೆ.”

“ಹತ್ತಿನೇ ಮಿಷನ್, ದೊಡ್ಡವ್ವ!”

ಅವಳು ನನ್ನನ್ನು ಮರುಕದಿಂದ ನೋಡಿದಳು. ಹಿಂದೆ ನಿಂತಿದ್ದ ಅಕ್ಕ ಎಲ್ಲವನ್ನೂ ಕೇಳಿಸಿಕೊಂಡಳು. ಅವಳು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಒಳಗೆ ಹೋಗಿ ಗಂಡನ ಬಟ್ಟೆಗಳನ್ನು ಗಂಟು ಕಟ್ಟತೊಡಗಿದಳು.

ಮರುದಿನ ಬೆಳಿಗ್ಗೆ ಮನೆಯಲ್ಲೇ, ಉಳಿದಿದ್ದ ಹತ್ತಿ ತುಂಬಿ ಕೊಟ್ಟರೆ ಭಾವನೇ ಕಿತ್ತೆಸೆದರು. “ಎದಿ ಮ್ಯಾಲ ಯಾರೋ ಕುಂತಂಗ ಆಗ್ತದ. ನಿನ್ನಿನ ಡಬ್ಬಿನೇ ಛಲೋ ಇತ್ತು, ಅದನ್ನೇ ಕೊಡು!”

ಅಕ್ಕ ನನ್ನತ್ತ ತಿರುಗಿದಳು. “ನೀನೇ ಇದನ್ನ ಕಟ್ಕೊಂಡು ಇವರ ಚಕ್ರದ ಮುಂದ ದಿನಪೂರ್ತಿ ನಿಂದ್ರು. ಸಂಜಿಗೆ ನಾ ಬಂದು ನೋಡ್ತೀನಿ. ಆಮ್ಯಾಲ ಗಂಟು ಬಿಚ್ಚೋದೋ, ಒಯ್ಯೋದೋ ಹೇಳ್ತೀನಿ.”

ನಿಂತೆ. ಎಂಜಿನ್ನು ಧೂಳೆಬ್ಬಿಸಿತು. ಪ್ರತಿ ಉಸಿರನ್ನೂ ಬಾವಿಯಿಂದ ಕೊಡ ಎಳೆದಂತೆ ಎಳೆದುಕೊಂಡೆ. ಬೆವರು ರಬ್ಬರಿನೊಳಗೆ ತುಂಬಿ ಗಲ್ಲದಲ್ಲಿ ನಿಂತಿತು. ನನ್ನ ಆವಿಷ್ಕಾರವನ್ನು ನಾನೇ ಶಪಿಸಿದೆ. ಶಪಿಸಲೂ ಉಸಿರು ಸಾಲಲಿಲ್ಲ.

ಸಂಜೆ ಅಕ್ಕ ಬಂದಳು. ಮುಖವಾಡ ಬಿಚ್ಚಿಸಿ, ಸೆರಗಿನ ತುದಿಯಿಂದ ನನ್ನ ಮೂಗಿನ ಹೊಳ್ಳೆ ಒರೆಸಿ, ಬೆಳಕಿಗೆ ಹಿಡಿದು ನೋಡಿದಳು. ಸೆರಗಿಗೆ ಧೂಳು ಹತ್ತಿರಲಿಲ್ಲ. ಡಬ್ಬಿ ತೆರೆದಳು, ಹೊರಮಗ್ಗುಲಿನ ಹತ್ತಿ ಸುಣ್ಣದ ಗಾರೆಯಂತೆ ಗಟ್ಟಿಯಾಗಿತ್ತು, ಒಳಮಗ್ಗುಲು ಹಾಗೇ ಇತ್ತು.

“ಸಲೀಸಾಗಿ ಉಸಿರಾಡಾಕ ಬರ್ತದೇನೋ?” ಎಂದು ಭಾವ ಕೇಳಿದರು.

“ಇಲ್ಲ ಭಾವ. ಸತ್ತು ಹೋಗ್ತೀನಿ ಅನ್ನಸ್ತದ” ಎಂದೆ.

ಅಕ್ಕನ ಮುಖದಲ್ಲಿ ಅಂದು ಮೊದಲ ಸಲ ನಗು ಕಂಡಿತು. “ಹಂಗಾದ್ರ ಒಳಗ ಏನೋ ಅದ” ಎಂದು ಹೊಸ ಹತ್ತಿ ತುಂಬಿದ ಇನ್ನೊಂದು ಡಬ್ಬಿ ತಿರುಪಿ, ಗಂಡನ ಮುಖಕ್ಕೆ ತಾನೇ ಮುಖವಾಡ ಬಿಗಿದಳು. ಭಾವ ಗೊಣಗಿದ್ದು ರಬ್ಬರಿನೊಳಗೇ ಉಳಿಯಿತು. ಆ ಬೇಸಿಗೆ ಅವರು ಗೊಣಗುತ್ತಲೇ ಕಳೆದರು. ಕೆಮ್ಮು ಮಾತ್ರ ಇಳಿಯಿತು.

ನನ್ನ ವಿದ್ಯೆಗೆ ಆ ಮನೆಯಲ್ಲಿ ಸಿಕ್ಕ ಮರ್ಯಾದೆ ಇಷ್ಟೇ: ಅಂದಿನಿಂದ ನಾನು ಯಾವುದನ್ನಾದರೂ ಚೆನ್ನಾಗಿದೆ ಎಂದರೆ ಅಕ್ಕ ನಂಬುತ್ತಿರಲಿಲ್ಲ. ಮೊದಲು ನನ್ನ ಕೈಲೇ ಬಳಸಲು ಹೇಳಿ, ನನ್ನ ಮುಖ ಸಾಕಷ್ಟು ಸಪ್ಪಗಾದರೆ ಮಾತ್ರ ಆ ವಸ್ತುವನ್ನು ಒಳಗೆ ತೆಗೆದಿಡುತ್ತಿದ್ದಳು.