ಹೊಸ ಹಾಡಿನ ಮೇಲೆ ಊರವರ ಸಿಟ್ಟು

ಮೂಡಿಗೆರೆ ಬಸ್ ಸ್ಟ್ಯಾಂಡಿನ ಎದುರು ಕ್ಯಾಸೆಟ್ ಅಂಗಡಿ ಇಟ್ಟುಕೊಂಡವನಿಗೆ ಒಂದು ದಿನವೂ ನೆಮ್ಮದಿ ಇರುವುದಿಲ್ಲ. ಹೊಸ ಹಾಡು ಬಂತೆಂದರೆ ಸಾಕು, ಅದನ್ನು ಬೈಯಲು ಜನ ನನ್ನ ಅಂಗಡಿಗೇ ಬರುತ್ತಾರೆ. ಹಾಡು ಬರೆದವನು ನಾನಲ್ಲ, ಹಾಡಿದವನೂ ನಾನಲ್ಲ. ಆದರೆ ಅವರೆಲ್ಲ ಬೆಂಗಳೂರಿನಲ್ಲೋ ಮದ್ರಾಸಿನಲ್ಲೋ ಇರುತ್ತಾರೆ, ಕೈಗೆ ಸಿಗುವವನು ನಾನು. ಇನ್ನೂ ದೊಡ್ಡ ಅನ್ಯಾಯವೆಂದರೆ, ಆ ಹಾಡುಗಳನ್ನು ಕಂಡರೆ ನನಗೂ ಆಗುವುದಿಲ್ಲ. ಹಳೆಯ ಹಾಡು ಕೇಳಿ ಬೆಳೆದ ಕಿವಿ ನನ್ನದು. ಹೊಟ್ಟೆಪಾಡಿಗೆ ಬೆಳಗಿನಿಂದ ಸಂಜೆಯವರೆಗೆ ಹೊಸದನ್ನು ಹಾಕಿ ಕೂತಿರುತ್ತಿದ್ದೆ. ಹಾಗಾಗಿ ಬೈಯಲು ಬಂದವರಿಗೆ ನಾನು ಒಂದು ಕುರ್ಚಿ ಕೊಟ್ಟು, "ನಿಮಗಿಂತ ಹೆಚ್ಚು ಸಿಟ್ಟು ನನಗಿದೆ, ಕೂತ್ಕೊಳ್ಳಿ" ಎನ್ನುತ್ತಿದ್ದೆ. ಅದರಿಂದ ಏನೇನಾಯಿತು ಎಂಬುದನ್ನು ಹೇಳಿಯೇಬಿಡುತ್ತೇನೆ.

ಕ್ರಿಯಾಪದ

ತೊಂಬತ್ತರ ದಶಕದ ನಡುವೆ ಒಂದು ಹಾಡು ಬಂತು. ಅದರ ಪಲ್ಲವಿ ಹೀಗೆ: "ಕೆನ್ನೆಗೆ ಕೆನ್ನೆಯ ಕೆನ್ನೆಯಲಿ ಕೆನ್ನೆ." ಇದಕ್ಕಿಂತ ಒಂದಕ್ಷರ ಹೆಚ್ಚಿಲ್ಲ. ಊರಿನ ಎಲ್ಲ ಹೋಟೆಲ್ಲು, ಎಲ್ಲ ಟೈಲರ್ ಅಂಗಡಿಯಲ್ಲಿ ಅದೇ.

ಒಂದು ದಿನ ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ಕೊಡೆ ಊರಿಕೊಂಡು ಅಂಗಡಿಗೆ ಬಂದರು. ಅರ್ಧ ಮೂಡಿಗೆರೆಗೆ ಅ ಆ ಇ ಈ ಕಲಿಸಿದವರು, ನಾನೂ ಅವರ ಕೈಯಲ್ಲಿ ಕಿವಿ ಹಿಂಡಿಸಿಕೊಂಡವನೇ. ಕುರ್ಚಿ ಕೊಟ್ಟೆ, ಕೂರಲಿಲ್ಲ.

"ಆ ಹಾಡು ಹಾಕು" ಎಂದರು. ಹಾಕಿದೆ. ಪಲ್ಲವಿ ಮುಗಿಯುತ್ತಲೇ "ನಿಲ್ಲಿಸು" ಎಂದರು.

"ಕೆನ್ನೆಗೆ, ಚತುರ್ಥಿ. ಕೆನ್ನೆಯ, ಷಷ್ಠಿ. ಕೆನ್ನೆಯಲಿ, ಸಪ್ತಮಿ. ಕೆನ್ನೆ, ಪ್ರಥಮಾ. ವಿಭಕ್ತಿಗಳೆಲ್ಲ ಬಂದು ಕೂತಿವೆ. ಕ್ರಿಯಾಪದ ಎಲ್ಲಿ?"

"ಇಲ್ಲ ಸಾರ್."

"ಹಾಗಾದ್ರೆ ಕೆನ್ನೆ ಏನು ಮಾಡಿತು?"

ಅಂಗಡಿಯಲ್ಲಿ ನಿಂತಿದ್ದ ಕಾಲೇಜು ಹುಡುಗನೊಬ್ಬ ಮೆಲ್ಲಗೆ, "ಅದನ್ನ ಥಿಯೇಟರಲ್ಲೇ ನೋಡ್ಬೇಕು ಸಾರ್" ಎಂದ. ಮೇಷ್ಟ್ರು ಅವನನ್ನು ನೋಡಿದ ನೋಟಕ್ಕೆ ಅವನು ಏನೂ ಕೊಳ್ಳದೆ ಹೊರಟುಹೋದ.

ಚರಣದಲ್ಲಿ ಇನ್ನೂ ಎಷ್ಟು ತಪ್ಪಿದೆ ನೋಡಬೇಕು, ಇನ್ನೊಮ್ಮೆ ಹಾಕು ಎಂದರು. ಆಮೇಲೆ ಮತ್ತೊಮ್ಮೆ. ತಪ್ಪು ಪೂರ್ತಿ ಸಿಗಬೇಕಾದರೆ ಮನೆಯಲ್ಲಿ ಕೂತು ಕೇಳಬೇಕು ಎಂದು ಕ್ಯಾಸೆಟ್ಟನ್ನೂ ಕೊಂಡುಹೋದರು. ಭಾಷೆಯ ಬಗ್ಗೆ ಇಷ್ಟು ಕಾಳಜಿ ಇರುವವರು ಇನ್ನೂ ಇದ್ದಾರಲ್ಲ ಎಂದು ನನಗೆ ಎದೆ ತುಂಬಿ ಬಂತು.

ಕೆಲವು ದಿನಗಳ ಮೇಲೆ ಅವರ ಹೆಂಡತಿ ತರಕಾರಿ ತರುವಾಗ ಸಿಕ್ಕಿದರು. "ಮೇಷ್ಟ್ರ ಸಿಟ್ಟು ಇಳೀತಾ ಅಮ್ಮಾ?" ಎಂದು ಕೇಳಿದೆ.

"ಸಿಟ್ಟೆಲ್ಲಿ ಮಾರಾಯ, ದಿನಾ ಬಚ್ಚಲಲ್ಲಿ ಅದನ್ನೇ ಹಾಡ್ತಾರೆ. 'ಕೆನ್ನೆಗೆ ಕೆನ್ನೆಯು ತಾಗಿರುವುದು' ಅಂತ ಕ್ರಿಯಾಪದ ಅವರೇ ಸೇರಿಸಿದಾರೆ. ಅದು ತಾಳಕ್ಕೆ ಕೂರಲ್ಲ. ಕೂರೋ ತನಕ ನೀರು ಹೊಯ್ಕೊಳ್ತಾನೇ ಇರ್ತಾರೆ. ಹಂಡೆ ಖಾಲಿ, ನಮಗ್ಯಾರಿಗೂ ಸ್ನಾನ ಇಲ್ಲ."

ಹೊರನಾಡಿಗೆ ಹೋಗುವ ಬಸ್ಸು

ಕಳಸದ ಮೇಲೆ ಹೊರನಾಡಿಗೆ ಹೋಗುವ ಒಂದು ಖಾಸಗಿ ಬಸ್ಸಿಗೆ ಕ್ಯಾಸೆಟ್ ಕೊಡುತ್ತಿದ್ದವನು ನಾನೇ. ಆ ಬಸ್ಸಿನಲ್ಲಿ ಯಾವಾಗಲೂ ಎರಡು ಪಕ್ಷ. ಮುಂದಿನ ಸೀಟಿನವರು ದೇವಸ್ಥಾನಕ್ಕೆ ಹೋಗುವವರು, ಅವರಿಗೆ ಭಕ್ತಿಗೀತೆ ಬೇಕು. ಹಿಂದಿನ ಸೀಟಿನವರು ಕಾಲೇಜು ಮುಗಿಸಿ ಮನೆಗೆ ಹೋಗುವವರು, ಅವರಿಗೆ ಹೊಸ ಹಾಡು ಬೇಕು. ನಡುವೆ ನಿಂತವರಿಗೆ ಜಾಗ ಸಿಕ್ಕರೆ ಸಾಕು.

ಜಗಳ ತಡೆಯಲಾರದೆ ಕಂಡಕ್ಟರ್ ಒಂದು ಕಾನೂನು ಮಾಡಿದ. ಕೊಟ್ಟಿಗೆಹಾರದವರೆಗೆ ಹೊಸ ಹಾಡು, ಅಲ್ಲಿಂದಾಚೆ ದೇವರ ಹಾಡು. ಇದು ಯಾವ ನ್ಯಾಯ ಎಂದು ನನಗೆ ಉರಿದುಹೋಯಿತು. ದೇವರಿಗೂ ಗಡಿ ಹಾಕುವುದೇ? ಒಂದು ದಿನ ಕಳಸಕ್ಕೆ ಹೋಗುವ ಕೆಲಸವಿತ್ತು. ಅದೇ ಬಸ್ ಹತ್ತಿ, ಕಂಡಕ್ಟರ್‌ಗೆ ಬುದ್ಧಿ ಹೇಳಲೆಂದು ಮುಂದೆಯೇ ಕೂತೆ.

ನನ್ನ ಪಕ್ಕದಲ್ಲಿ ಒಬ್ಬ ಅಜ್ಜಿ. ಕೆಂಪು ಸೀರೆ, ಹಣೆ ತುಂಬ ಕುಂಕುಮ, ಮಡಿಲಲ್ಲಿ ತೆಂಗಿನಕಾಯಿ, ಬಾಯಲ್ಲಿ ಏನೋ ಜಪ. ಟೇಪಿನಲ್ಲಿ ಒಬ್ಬ ಹುಡುಗ ಒಬ್ಬ ಹುಡುಗಿಯನ್ನು "ಒಪ್ಪಿಕೋ, ಒಪ್ಪಿಕೋ" ಎಂದು ಕಾಡುವ ಹಾಡು. ಅಜ್ಜಿಯ ಮುಖ ನೋಡಿದರೆ ನನಗೇ ನಾಚಿಕೆ. ಕೊಟ್ಟಿಗೆಹಾರ ಬಂತು. ಕಂಡಕ್ಟರ್ ಬಂದು ಹಾಡನ್ನು ಅರ್ಧಕ್ಕೇ ನಿಲ್ಲಿಸಿ ದೇವರ ಕ್ಯಾಸೆಟ್ ತುರುಕಿದ.

ಅಜ್ಜಿ ಜಪ ನಿಲ್ಲಿಸಿ, "ಏ ಕಂಡಕ್ಟರಾ" ಎಂದು ಕೂಗಿದರು.

ನಾನು ಕೂಡಲೇ ಅವರ ಪರವಾಗಿ ನಿಂತೆ. "ನೋಡಪ್ಪ, ಹಿರಿಯರಿಗೆ ಎಷ್ಟು ಬೇಜಾರಾಗಿದೆ. ಇಷ್ಟು ಹೊತ್ತು ಹೇಗೆ ಸಹಿಸ್ಕೊಂಡು ಕೂತಿದ್ರೋ."

ಅಜ್ಜಿ ನನ್ನನ್ನು ಪಕ್ಕಕ್ಕೆ ಸರಿಸಿದರು. "ನೀವು ಸುಮ್ನಿರಿ ಸ್ವಲ್ಪ. ಏ ಕಂಡಕ್ಟರಾ, ಆ ಹುಡುಗಿ ಒಪ್ಪಿದ್ಲಾ ಇಲ್ವಾ? ಅದು ಗೊತ್ತಾಗದೆ ನಾನು ದೇವಿ ಹತ್ರ ಹೋಗಿ ಎಂಥ ಮನಸ್ಸಿಟ್ಟು ಕೈ ಮುಗಿಲಿ?"

ಗಂಭೀರ ಗಾಯಕ

ಕಳಸದ ದಾರಿಯಲ್ಲಿ ದೊಡ್ಡ ಎಸ್ಟೇಟ್ ಇರುವ ಗೌಡರೊಬ್ಬರು ನನ್ನ ಗಿರಾಕಿ. ಜೀಪಿನಿಂದ ಇಳಿಯುವ ಮೊದಲೇ ಹೊಸ ಹಾಡಿಗೆ ಬೈಗುಳ ಶುರು. "ಹೆಂಗಸರು ಹಾಡ್ತಾರೋ ಕಿರುಚ್ತಾರೋ ಗೊತ್ತಾಗಲ್ಲ ಮಾರಾಯ್ರೆ" ಎನ್ನುವುದು ಅವರ ಪ್ರತಿ ಸಲದ ಮಾತು. ಈ ಒಂದು ವಿಷಯದಲ್ಲಿ ನಾವಿಬ್ಬರೂ ಅಣ್ಣತಮ್ಮಂದಿರ ಹಾಗೆ.

ಒಂದು ಮಳೆಗಾಲದಲ್ಲಿ ಅವರು ಬಂದಾಗ ಮುಖದಲ್ಲಿ ಎಂದೂ ಕಾಣದ ಕಳೆ. ಕುರ್ಚಿಯಲ್ಲಿ ಕೂತು ಹೇಳಿದರು:

"ನಾವು ಸುಮ್ನೆ ಹೊಸಬರನ್ನ ಬೈತೀವಿ ಕಣ್ರಿ. ಮಗಳು ರಜಕ್ಕೆ ಬಂದಾಗ ಒಂದು ಕ್ಯಾಸೆಟ್ ಬಿಟ್ಟು ಹೋಗಿದ್ಲು. ಲೈನ್ ಮೇಲೆ ಮರ ಬಿದ್ದು ಕರೆಂಟಿಲ್ಲ. ಬೇಜಾರಾಗಿ ಟಾರ್ಚಿನ ಸೆಲ್ ತೆಗೆದು ಟೇಪಿಗೆ ಹಾಕಿ ಕೇಳಿದೆ. ಎಂಥ ಗಂಡು ಧ್ವನಿ, ಎಂಥ ಗಾಂಭೀರ್ಯ. ಒಂದೊಂದು ಅಕ್ಷರಾನೂ ತೂಗಿ ತೂಗಿ ಇಡ್ತಾನೆ. ದಿನ ಹೋದ ಹಾಗೆ ಇನ್ನೂ ಭಾರ ಆಗ್ತದೆ ಆ ಧ್ವನಿ. ನಿನ್ನೆಯಂತೂ ಕೊನೇ ಚರಣಕ್ಕೆ ಬರೋ ಹೊತ್ತಿಗೆ ಪಾಪ, ದುಃಖ ತಡೆಯಕ್ಕಾಗದೆ ನಿಂತೇ ಬಿಟ್ಟ. ನನ್ನ ಭಾವನಿಗೂ ಒಂದು ಕೊಡಿ, ಅವನೂ ಕೇಳಲಿ."

ಯಾವ ಕ್ಯಾಸೆಟ್ ಎಂದು ಕೇಳಿದೆ. ಜೇಬಿನಿಂದ ತೆಗೆದು ತೋರಿಸಿದರು. ನೋಡಿದರೆ, ಅದರಲ್ಲಿ ಗಂಡಸೇ ಇಲ್ಲ. ಆ ವರ್ಷದ ಎಲ್ಲರಿಗಿಂತ ಸಣ್ಣ ದನಿಯ ಹುಡುಗಿ ಹಾಡಿದ, ಆ ವರ್ಷದ ಎಲ್ಲಕ್ಕಿಂತ ಜೋರು ಕುಣಿತದ ಹಾಡು. ಟೇಪಿನ ಸೆಲ್ ಸಾಯುತ್ತ ಬಂದಿತ್ತು, ಕ್ಯಾಸೆಟ್ ನಿಧಾನಕ್ಕೆ ತಿರುಗಿ ಹುಡುಗಿ ಗಂಡಸಾಗಿದ್ದಳು.

ಇದನ್ನು ಅವರಿಗೆ ಹೇಗೆ ಹೇಳುವುದು? ಹಾಡನ್ನೇ ಹಾಕಿ ತೋರಿಸೋಣ ಎಂದು ಅಂಗಡಿಯ ಟೇಪಿಗೆ ಹಾಕಿದೆ. ಡಬಡಬ ಶುರುವಾಗಿ ಹುಡುಗಿ ಕಿಟಾರನೆ ಕಿರುಚಿದಳು. ಗೌಡರು ಕುರ್ಚಿಯಿಂದ ಎದ್ದರು.

"ಇದಲ್ಲ."

"ಇದೇ ಗೌಡ್ರೇ."

"ಇದಲ್ಲ ಅಂತೀನಲ್ಲ. ನಿಮ್ಮ ಮೆಷಿನ್ ಕೆಟ್ಟಿದೆ. ಅಂಥ ದೊಡ್ಡ ಮನುಷ್ಯನ ಧ್ವನಿ ಹೀಗಾ ಹಾಳು ಮಾಡೋದು?"

ಸೆಲ್ಲಿನ ವಿಚಾರ ಬಿಡಿಸಿ ಹೇಳಿದೆ. ಕೇಳುತ್ತ ಕೇಳುತ್ತ ಅವರ ಮುಖ ಸಾವಿನ ಮನೆಗೆ ಬಂದವರ ಹಾಗೆ ಆಯಿತು. ಕ್ಯಾಸೆಟ್ ತೆಗೆದು ಜೇಬಿಗೆ ಹಾಕಿಕೊಂಡು ಹೋಗಿ ಜೀಪ್ ಹತ್ತಿದರು. ಒಬ್ಬ ಒಳ್ಳೆಯ ಕೇಳುಗನ ಮನಸ್ಸು ಮುರಿದೆನಲ್ಲ ಎಂದು ನನಗೂ ಸಂಕಟ.

ಜೀಪ್ ಸ್ವಲ್ಪ ಮುಂದೆ ಹೋಗಿ ಹಿಂದಕ್ಕೆ ಬಂತು. ಗೌಡರು ಕಿಟಕಿಯಿಂದ ತಲೆ ಹೊರಗೆ ಹಾಕಿ, ಯಾರಿಗೂ ಕೇಳಿಸದ ಹಾಗೆ ಕೇಳಿದರು:

"ನಿಮ್ಮ ಹತ್ರ ಹಳೇ ಸೆಲ್ ಇದ್ದಾವಾ?"

ಔಟ್‌ಟರ್ನ್

ಕಾಫಿ ಬೆಳೆಯುವವರ ಜೊತೆ ವ್ಯಾಪಾರ ಮಾಡಿ ನೋಡಬೇಕು. ಸಂಸೆಯ ಸಣ್ಣ ಬೆಳೆಗಾರರೊಬ್ಬರು ರೇಡಿಯೋದಲ್ಲಿ ಕೇಳಿದ ಒಂದೇ ಒಂದು ಹಾಡಿಗಾಗಿ ಹೊಸ ಕ್ಯಾಸೆಟ್ ಕೊಂಡುಹೋಗಿದ್ದರು. ಮುಂದಿನ ಸಂತೆಗೆ ಅದನ್ನು ಹಿಡಿದುಕೊಂಡೇ ಬಂದರು.

"ಒಂದು ಹಾಡು ಸರಿ ಇದೆ. ಉಳಿದದ್ದು ನಿಮಗೇ ಇರ್ಲಿ, ಅದರ ದುಡ್ಡು ಕೊಡಿ."

ಹಾಗೆಲ್ಲ ಬಿಡಿಸಿ ವಾಪಸ್ ಕೊಡಲು ಬರುವುದಿಲ್ಲ ಎಂದೆ. ಅವರ ಕಿವಿ ಕೆಂಪಾಯಿತು.

"ಯಾಕೆ ಬರಲ್ಲ? ನಾನು ಚಿಕ್ಕಮಗಳೂರಿಗೆ ಕಾಫಿ ತಗೊಂಡು ಹೋದ್ರೆ ಎಂಥ ಮಾಡ್ತಾರೆ ಗೊತ್ತುಂಟಾ ನಿಮಗೆ? ಒಂದು ಹಿಡಿ ತೆಗೆದು ತೂಗ್ತಾರೆ, ಸಿಪ್ಪೆ ಬಿಡಿಸ್ತಾರೆ, ಕರಿ ಬೀಜ ಬೇರೆ, ಒಡೆದದ್ದು ಬೇರೆ, ಹುಳ ತಿಂದದ್ದು ಬೇರೆ. ಕೊನೆಗೆ ಒಳ್ಳೇ ಬೀಜ ಎಷ್ಟಿದೆ ಅಂತ ಔಟ್‌ಟರ್ನ್ ನೋಡಿ ರೇಟು. ನಿಮ್ಮ ಹಾಡಿಗೆ ಯಾಕಿಲ್ಲ ಅದು? ಮೇಲೆ ಒಂದು ಒಳ್ಳೇ ಬೀಜ ಇಟ್ಟು ಕೆಳಗೆಲ್ಲ ಕರಿ ಬೀಜ ತುಂಬಿದಾರೆ."

ಸತ್ಯ ಹೇಳಬೇಕೆಂದರೆ, ಹೊಸ ಹಾಡುಗಳ ಬಗ್ಗೆ ಇಷ್ಟು ಸರಿಯಾದ ಮಾತನ್ನು ಪೇಪರಿನಲ್ಲಿ ಬರೆಯುವವರೂ ಬರೆದಿರಲಿಲ್ಲ. ಭೇಷ್ ಎಂದು ಕಾಫಿ ತರಿಸಿ ಕೊಟ್ಟೆ. ಅದನ್ನು ಒಂದು ಗುಟುಕು ಕುಡಿದು ಅವರು ಲೋಟ ಕೆಳಗಿಟ್ಟರು.

"ಇದರಲ್ಲೂ ಚಿಕೋರಿ ಜಾಸ್ತಿ" ಎಂದರು. "ಈ ಊರಲ್ಲಿ ಶುದ್ಧ ಇರೋದು ನನ್ನ ಸಿಟ್ಟು ಒಂದೇ."

ಟೀವಿಯಲ್ಲಿ ನಾನು

ಎರಡು ಸಾವಿರ ಇಸವಿ ದಾಟಿತು. ಕ್ಯಾಸೆಟ್ ಹೋಗಿ ಸಿಡಿ ಬಂತು. ಹಾಡು ಸುಧಾರಿಸಲಿಲ್ಲ. ಆಗ ಬೈಕಿನ ಹಾರ್ನಿನಿಂದ ಶುರುವಾಗುವ ಒಂದು ಹಾಡು ಬಂತು. ರಸ್ತೆಯಲ್ಲಿ ಅದನ್ನು ಕೇಳಿದವರು ಪಕ್ಕಕ್ಕೆ ಹಾರುತ್ತಿದ್ದರು. ಅಂಗಡಿಯಲ್ಲಿ ಕೂತು ಅದನ್ನು ನಾನು ಬೈದದ್ದು ಹೇಗೋ ಚಿಕ್ಕಮಗಳೂರಿನ ಒಂದು ಕೇಬಲ್ ಚಾನೆಲ್‌ನವರ ಕಿವಿಗೆ ಬಿತ್ತು. "ಹೊಸ ಹಾಡುಗಳ ಬಗ್ಗೆ ನಿಮ್ಮ ಅಭಿಪ್ರಾಯ ಹೇಳಿ, ಜನ ಫೋನ್ ಮಾಡ್ತಾರೆ, ನೇರ ಪ್ರಸಾರ" ಎಂದರು.

ಇಷ್ಟು ವರ್ಷ ಒಂದು ಕುರ್ಚಿಯ ಮುಂದೆ ಹೇಳಿದ್ದನ್ನು ಇಡೀ ಜಿಲ್ಲೆಯ ಮುಂದೆ ಹೇಳುವ ಅವಕಾಶ. ಇಸ್ತ್ರಿ ಮಾಡಿದ ಶರ್ಟು ಹಾಕಿ ಬೆಳಿಗ್ಗೆ ಬಸ್ ಹತ್ತಿದೆ. ಕ್ಯಾಮೆರಾ ಎದುರು ಕೂತು, ಮನಸ್ಸಿನಲ್ಲಿದ್ದದ್ದನ್ನೆಲ್ಲ ಕಕ್ಕಿದೆ. ಇದು ಹಾಡಲ್ಲ, ಟ್ರಾಫಿಕ್ಕು ಎಂದೆ. ಮನೆಮಂದಿಯೆಲ್ಲ ಒಟ್ಟಿಗೆ ಕೇಳುವಂಥದ್ದಲ್ಲ ಎಂದೆ. ಪಕ್ಕದಲ್ಲಿದ್ದ ನಿರೂಪಕಿ ಹುಡುಗಿ ಗಾಬರಿಯಿಂದ ತಲೆಯಾಡಿಸುತ್ತಿದ್ದಳು.

ಮೊದಲ ಫೋನ್ ಆಲ್ದೂರಿನಿಂದ. "ಸರ್ ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮ ಸಂಸ್ಕೃತಿ ಏನಾಗ್ತಿದೆ ಅಂತ ಕಣ್ಣಲ್ಲಿ ನೀರು ಬರ್ತದೆ. ಮೇಡಂ, ಆ ಹಾಡು ಒಂದ್ಸಲ ಹಾಕ್ತೀರಾ?"

ಎರಡನೆಯವರು ಬಾಳೆಹೊನ್ನೂರಿನವರು, ನನಗಿಂತ ಸಿಟ್ಟಿನಲ್ಲಿದ್ದರು. "ಆ ಹಾಡು ಬರೆದವನನ್ನ ಕರೆಸಿ ಕೇಳ್ಬೇಕು ಸರ್."

"ಖಂಡಿತ ಕೇಳ್ಬೇಕು" ಎಂದೆ. "ಏನಂತ ಕೇಳ್ತೀರಿ?"

"ಎರಡನೇ ಚರಣ ಯಾಕೆ ಅಷ್ಟು ಬೇಗ ಮುಗಿಸಿದ ಅಂತ."

ನಿರೂಪಕಿ ನನ್ನತ್ತ ನೋಡಿದಳು. ಹಾಡು ಹಾಕಿದರೆ ನಾನು ಎದ್ದು ಹೋಗುತ್ತೇನೆ ಎಂದೆ. ಅಷ್ಟರಲ್ಲಿ ಮೂರನೇ ಫೋನ್. "ಮೂಡಿಗೆರೆಯಿಂದ ಒಬ್ಬ ಗೃಹಿಣಿ" ಎಂದಿತು ಧ್ವನಿ. ನನ್ನನ್ನು ದಿನಾ ಊಟಕ್ಕೆ ಕರೆಯುವ ಧ್ವನಿ ಅದು.

"ಆ ಹಿರಿಯರು ಚೆನ್ನಾಗಿ ಮಾತಾಡ್ತಾರೆ" ಎಂದಳು ನನ್ನ ಹೆಂಡತಿ. "ಆದ್ರೆ ನಮ್ಮ ಯಜಮಾನ್ರೂ ಹೀಗೇ. ಅಂಗಡೀಲಿ ಆ ಹಾಡನ್ನ ಊರಿಗೆಲ್ಲ ಕೇಳೋ ಹಾಗೆ ಹಾಕ್ತಾರೆ, ಮನೇಲಿ ನಾನು ಹಾಕಿದ್ರೆ ಬಂದು ಆಫ್ ಮಾಡ್ತಾರೆ. ನಾನಿನ್ನೂ ಪೂರ್ತಿ ಕೇಳಿಲ್ಲ. ಇವತ್ತು ಅವರು ಮನೇಲಿಲ್ಲ. ದಯವಿಟ್ಟು ಹಾಕಿ."

"ಯಾರಿಗಾಗಿ ಈ ಹಾಡು ಮೇಡಂ?" ಎಂದಳು ನಿರೂಪಕಿ.

"ಅಲ್ಲೇ ಕೂತಿದಾರಲ್ಲ, ಅವರಿಗೇ."

ಹಾರ್ನ್ ಹೊಡೆಯಿತು. ಎದ್ದು ಹೋಗೋಣವೆಂದರೆ ಶರ್ಟಿಗೆ ಮೈಕ್ ಸಿಕ್ಕಿಸಿದ್ದರು. ಹಾಡು ಮುಗಿಯುವವರೆಗೂ ಟೀವಿಯ ಮೂಲೆಯಲ್ಲಿ ಚೌಕದೊಳಗೆ ನನ್ನ ಸಿಟ್ಟಿನ ಮುಖ ತೋರಿಸುತ್ತಲೇ ಇದ್ದರಂತೆ.

ಹೋಗಲಿ, ಹೇಳಬೇಕಾದ್ದನ್ನು ಜಿಲ್ಲೆಗೆ ಹೇಳಿದ್ದೇನೆ, ಕೆಲವರಾದರೂ ತಿದ್ದಿಕೊಂಡಾರು ಎಂದುಕೊಂಡು ಮಾರನೆಯ ದಿನ ಅಂಗಡಿಗೆ ಹೋದರೆ ಬಾಗಿಲ ಮುಂದೆ ಜನ. ಶಟರ್ ಎತ್ತುವ ಮೊದಲೇ ಒಬ್ಬರು, "ಸಾರ್, ನೀವು ಟೀವೀಲಿ ಬೈದ್ರಲ್ಲ, ಆ ಸಿಡಿ ಕೊಡಿ" ಎಂದರು. ಹಿಂದಿನವರಿಗೂ ಅದೇ ಬೇಕು. ಹಾಡಿನ ಹೆಸರು, ಸಿನಿಮಾದ ಹೆಸರು ಯಾರ ಬಾಯಲ್ಲೂ ಇಲ್ಲ. ಎಲ್ಲರೂ ಕೇಳಿದ್ದು ನಾನು ಬೈದ ಹಾಡನ್ನು. ಮಧ್ಯಾಹ್ನದೊಳಗೆ ಇದ್ದದ್ದೆಲ್ಲ ಖಾಲಿ.

ಸಂಜೆ ಕೊಪ್ಪದ ಕಡೆಯ ಒಬ್ಬ ಹಿರಿಯರು ಹೆಂಡತಿಯ ಜೊತೆ ಬಂದರು. ಮುಗಿದಿದೆ ಎಂದಾಗ ಪಾಪ, ಇಬ್ಬರ ಮುಖವೂ ಸಣ್ಣದಾಯಿತು. ತಮ್ಮತಮ್ಮಲ್ಲೇ ಏನೋ ಮಾತಾಡಿಕೊಂಡು, ಕಪಾಟಿನ ಕಡೆ ಒಮ್ಮೆ ನೋಡಿ, ಅವರು ಬಹಳ ಮರ್ಯಾದೆಯಿಂದ ಕೇಳಿದರು:

"ಇರ್ಲಿ ಬಿಡಿ ಸಾರ್. ನೀವು ಬೈದಿರೋದು ಬೇರೆ ಯಾವುದಾದ್ರೂ ಇದ್ರೆ ಕೊಡಿ."