ಗಂಟೆ ಹೊಡೆಯುವ ವಿದ್ಯಾರ್ಥಿನಿಯ ಹಾಜರಿ ಕುರಿತು

ಕಾಲೇಜು ಕಾರ್ಯಾಲಯ
ಗಂಟೆ ಮತ್ತು ಹಾಜರಿ ಶಾಖೆ

ಸಂಖ್ಯೆ: ಗಂ.ಹಾ.ಶಾ/ಸುತ್ತೋಲೆ/೧೧ (ಹಿಂದಿನ ಹತ್ತನ್ನೂ ಹಿಂಪಡೆಯಲಾಗಿದೆ)

ವಿಷಯ: ಅರೆಕಾಲಿಕ ಗಂಟೆ ಸಹಾಯಕಿಯು ಎಲ್ಲ ತರಗತಿಗಳಲ್ಲೂ ಇದ್ದೂ ಇಲ್ಲದಿರುವ ಬಗ್ಗೆ.

ಉಲ್ಲೇಖ: (ಅ) ವಿದ್ಯುತ್ ಗಂಟೆಯ ದುರಸ್ತಿ ಕಡತ (ಹುಡುಕಲಾಗುತ್ತಿದೆ).
(ಆ) ಕ್ಯಾಂಟೀನಿನ ಅಡುಗೆಯವರ ಮೌಖಿಕ ದೂರು: "ಏನ್ ಸ್ವಾಮಿ, ಮಕ್ಕಳನ್ನ ಊಟಕ್ಕೆ ಬಿಡೋದು ಇವತ್ತೋ ನಾಳೇನೋ?"

ವಿದ್ಯುತ್ ಗಂಟೆ ಕೆಟ್ಟಿರುವುದರಿಂದ ಮುಖ್ಯ ಬಾಗಿಲ ಬಳಿಯ ಕಂಚಿನ ಗಂಟೆಯನ್ನು ಕೈಯಿಂದ ಹೊಡೆಯುವ ಕೆಲಸವನ್ನು ಇತಿಹಾಸ ವಿಭಾಗದ ಎರಡನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳಿಗೆ ಅರೆಕಾಲಿಕವಾಗಿ ವಹಿಸಿರುವುದು ಸರಿಯಷ್ಟೆ. ಸಹಪಾಠಿಗಳು ಆಕೆಯನ್ನು ಗಂಟಕ್ಕ ಎಂದು ಕರೆಯುವುದರಿಂದ ಕಡತಗಳಲ್ಲಿಯೂ ಅದೇ ಹೆಸರು ರೂಢಿಗೆ ಬಂದಿದೆ. ಈ ಕೆಲಸದ ಸಂಬಳವೇ ಆಕೆಯ ಕಾಲೇಜು ಶುಲ್ಕ.

ತರಗತಿ ಮೂರನೆಯ ಮಹಡಿಯಲ್ಲಿದೆ, ಗಂಟೆ ಕೆಳಗಿದೆ. ಆದ್ದರಿಂದ ಪ್ರತಿ ಪಾಠವೂ ಮುಗಿಯುವ ಮುನ್ನ ಗಂಟಕ್ಕ ಎದ್ದು ಹೋಗಬೇಕಾಗುತ್ತದೆ. ಹಾಜರಿಯನ್ನು ಮೊದಲೇ ಕರೆದರೆ ಉಳಿದವರು ಹಿಂದಿನ ಬಾಗಿಲಿನಿಂದ ಕರಗಿಹೋಗುತ್ತಾರೆಂಬ ಕಾರಣಕ್ಕೆ ಅದನ್ನು ಕೊನೆಯಲ್ಲಿ ಕರೆಯಲಾಗುತ್ತದೆ. ಪರಿಣಾಮವಾಗಿ ಗಂಟಕ್ಕ ವರ್ಷವಿಡೀ ಗೈರುಹಾಜರು. ಹಾಜರಿ ಇಲ್ಲದವರಿಗೆ ಪರೀಕ್ಷೆಯ ಪ್ರವೇಶ ಪತ್ರವಿಲ್ಲ; ಪರೀಕ್ಷೆಯಿಲ್ಲದವರು ವಿದ್ಯಾರ್ಥಿಗಳಲ್ಲ; ವಿದ್ಯಾರ್ಥಿಗಳಲ್ಲದವರಿಗೆ ಈ ಕೆಲಸವಿಲ್ಲ; ಈ ಕೆಲಸವಿಲ್ಲದೆ ಆಕೆಗೆ ಕಾಲೇಜಿಲ್ಲ, ಕಾಲೇಜಿಗೆ ಗಂಟೆಯಿಲ್ಲ.

ಇದನ್ನು ತಪ್ಪಿಸಲು ಕಳೆದ ವಾರ ಆಕೆ, ಹಾಜರಿ ಹೇಳಿಯೇ ಏಳುವುದೆಂದು ತೀರ್ಮಾನಿಸಿ ಕೂತಿದ್ದಳು. ಇತಿಹಾಸದ ಉಪನ್ಯಾಸಕರು ಗಡಿಯಾರ ಕಟ್ಟುವುದಿಲ್ಲವೆಂದೂ, ಗಂಟಕ್ಕ ಎದ್ದುದನ್ನು ನೋಡಿದ ಮೇಲೆಯೇ ಪಾಠ ನಿಲ್ಲಿಸಿ ಹಾಜರಿ ಪುಸ್ತಕ ತೆರೆಯುವುದು ಅವರ ಪದ್ಧತಿಯೆಂದೂ ಆಗಲೇ ತಿಳಿದುಬಂತು. ಆಕೆ ಹಾಜರಿಗಾಗಿ ಕಾದಳು. ಅವರು ಆಕೆ ಏಳಲೆಂದು ಕಾದರು. ಈ ಅವಧಿಯಲ್ಲಿ ಪಾಠದೊಳಗೆ ಎರಡು ಯುದ್ಧಗಳು ನಡೆದು ಮೂರನೆಯದಕ್ಕೆ ಸೇನೆ ಹೊರಟಿತ್ತು. ಗಂಟೆಯಾಗದ ಕಾರಣ ಕಾಲೇಜಿನ ಒಂದು ತರಗತಿಯೂ ಬಿಡಲಿಲ್ಲ. ಹಿಂದಿನ ಬೆಂಚಿನಿಂದ "ಅಕ್ಕಾ, ನಿನ್ ಕಾಲಿಗೆ ಬೀಳ್ತೀನಿ, ಎದ್ದೇಳೇ" ಎಂಬ ಮನವಿ ಸಲ್ಲಿಕೆಯಾಗಿರುತ್ತದೆ. ಅಡುಗೆಯವರು ಸೌಟು ಸಮೇತ ಮಹಡಿ ಹತ್ತಿ ಬಂದಾಗ ಗಂಟಕ್ಕ ಎದ್ದು ಕೆಳಗೆ ಓಡಿದಳು. ಕೂಡಲೇ ಹಾಜರಿ ಕರೆಯಲಾಯಿತು. ಆಕೆ ಗೈರುಹಾಜರು.

ಈ ಎಲ್ಲವನ್ನೂ ಕೂಲಂಕಷವಾಗಿ ಪರಿಶೀಲಿಸಿ, ಈ ಮೂಲಕ ಕೆಳಕಂಡಂತೆ ಸೂಚಿಸಲಾಗಿದೆ:

೧. ಇನ್ನು ಮುಂದೆ ಗಂಟೆಯ ಸದ್ದನ್ನೇ ಗಂಟಕ್ಕನ "ಹಾಜರ್ ಸಾರ್" ಎಂದು ಪರಿಗಣಿಸತಕ್ಕದ್ದು. ಆಕೆಯ ಸಂಖ್ಯೆ ಬಂದಾಗ ಉಪನ್ಯಾಸಕರು ಪೆನ್ನು ಎತ್ತಿ ಹಿಡಿದು ಕಾಯತಕ್ಕದ್ದು. ಕಾಯುವಾಗ ಉಸಿರಾಡಬಹುದು. ವರ್ಷವಿಡೀ ಗಂಟೆಯಾಗಿರುವುದನ್ನು ಎಲ್ಲರೂ ಕೇಳಿರುವುದರಿಂದ ಈ ನಿಯಮ ಹಿಂದಿನ ದಿನಗಳಿಗೂ ಅನ್ವಯಿಸುತ್ತದೆ.

೨. ಸದ್ದು ಸಣ್ಣಗೆ ಕೇಳಿಸಿತೆಂದು ಅರ್ಧ ಹಾಜರಿ ಹಾಕುವಂತಿಲ್ಲ. "ಅದರಲ್ಲಿ ನಂದೂ ಒಂದು ಏಟಿತ್ತು ಸಾರ್" ಎನ್ನುವ ಇತರರ ವಾದವನ್ನು ಪುರಸ್ಕರಿಸಲಾಗುವುದಿಲ್ಲ.

೩. "ಗಂಟಕ್ಕಾ, ಇವತ್ತೊಂದಿನ ಬೇಗ ಹೊಡಿ, ಟೀ ಕೊಡಿಸ್ತೀನಿ" ಎಂದು ಆಮಿಷವೊಡ್ಡುವುದನ್ನು ನಿಷೇಧಿಸಲಾಗಿದೆ. ಇದು ಉಪನ್ಯಾಸಕರಿಗೂ ಅನ್ವಯಿಸುತ್ತದೆ. ಅವರಿಗೇ ಹೆಚ್ಚಾಗಿ.

೪. ಗಂಟಕ್ಕನ ಕಿರುಪರೀಕ್ಷೆಯ ಉತ್ತರಗಳನ್ನು ಪರಿಶೀಲಿಸಲಾಗಿ, ಅವುಗಳಲ್ಲಿ ಒಬ್ಬ ರಾಜನೂ ಸತ್ತಿಲ್ಲದಿರುವುದು ಕಂಡುಬಂದಿದೆ. ಎಲ್ಲರೂ ಇನ್ನೂ ಆಳುತ್ತಿದ್ದಾರೆ. ವಿವರಣೆ ಕೇಳಲಾಗಿ, "ನಾನು ಎದ್ದು ಬರೋವಾಗ ಚೆನ್ನಾಗೇ ಇದ್ರಲ್ಲ ಸಾರ್" ಎಂದು ಉತ್ತರಿಸಿರುತ್ತಾಳೆ.

೫. ಆದ್ದರಿಂದ ರಾಜರ ಮರಣವನ್ನು ಪಾಠದ ಆರಂಭದಲ್ಲೇ ಮುಗಿಸಿಕೊಂಡು, ಆನಂತರ ಪಟ್ಟಾಭಿಷೇಕಕ್ಕೆ ಬರತಕ್ಕದ್ದೆಂದು ಸೂಚಿಸಲಾಗಿತ್ತು. ಉಪನ್ಯಾಸಕರು "ಸತ್ತ ಮೇಲೆ ಇನ್ನೇನ್ರೀ ಪಾಠ ಮಾಡ್ಲಿ?" ಎಂದಿರುವುದರಿಂದ ಈ ಸೂಚನೆಯನ್ನು ಕೈಬಿಡಲಾಗಿದೆ. ಬದಲಿಗೆ, ಗಂಟೆ ಹೊಡೆದು ಗಂಟಕ್ಕ ಮೇಲೆ ಬರುವಾಗ, ಉಪನ್ಯಾಸಕರು ಕೆಳಗಿಳಿಯುವಾಗ, ಇಬ್ಬರೂ ಎದುರಾಗುವ ಮೆಟ್ಟಿಲ ತಿರುವಿನಲ್ಲಿ ಪಾಠದ ಕೊನೆಯನ್ನು ಹೇಳತಕ್ಕದ್ದು. ಒಬ್ಬರೇ ಸತ್ತಿದ್ದರೆ ನಿಂತು. ಇಡೀ ವಂಶವೇ ಹೋಗಿದ್ದರೆ ಮೆಟ್ಟಿಲ ಮೇಲೆ ಕೂತು.

೬. ಪ್ರಾಯೋಗಿಕವಾಗಿ ಎರಡು ದಿನ ನಡೆಸಿ ನೋಡಲಾಗಿ, ಸದರಿ ತಿರುವಿನಲ್ಲಿ ಹಿಂದಿನ ಬೆಂಚಿನವರೂ ನಿಂತು ಕೇಳುತ್ತಿರುವುದು ಗಮನಕ್ಕೆ ಬಂದಿದೆ. ತರಗತಿಯಲ್ಲಿ ಕೇಳದವರು ಇಲ್ಲೇಕೆ ಕೇಳುತ್ತಾರೆಂಬುದು ಶಾಖೆಗೆ ಅರ್ಥವಾಗಿಲ್ಲ. ತಡೆಯುವ ಅಗತ್ಯವಿಲ್ಲ.

೭. ಪರೀಕ್ಷೆ ಮುಗಿಯುವ ಗಂಟೆಯನ್ನೂ ಗಂಟಕ್ಕನೇ ಹೊಡೆಯಬೇಕೆಂದಾದರೆ ಆಕೆ ಕೊನೆಯ ಉತ್ತರವನ್ನು ಅರ್ಧಕ್ಕೆ ಬಿಟ್ಟು ಏಳಬೇಕಾಗುತ್ತದೆ. ಆದ್ದರಿಂದ ಆ ದಿನಗಳಲ್ಲಿ ಪ್ರಾಂಶುಪಾಲರೇ ಖುದ್ದಾಗಿ ಗಂಟೆ ಹೊಡೆಯತಕ್ಕದ್ದು. ಹೊಡೆದವರು ಅವರಾದರೂ ಸಂಬಳ ಆಕೆಗೇ ಸಲ್ಲತಕ್ಕದ್ದು. ಅಗತ್ಯ ತರಬೇತಿಯನ್ನು ಗಂಟಕ್ಕ ನೀಡುತ್ತಿದ್ದಾಳೆ. ನಿನ್ನೆಯ ಅಭ್ಯಾಸದಲ್ಲಿ "ಗಂಟೆಗೆ ಹೊಡೀರಿ ಸಾರ್, ಬೆರಳಿಗಲ್ಲ" ಎಂದು ಆಕೆ ನೀಡಿದ ಮಾರ್ಗದರ್ಶನವನ್ನು, ತಡವಾಗಿಯಾದರೂ, ದಾಖಲಿಸಿಕೊಳ್ಳಲಾಗಿದೆ.

೮. ಪರೀಕ್ಷೆಯ ದಿನ, ಗಂಟೆ ಕೇಳಿಸುವವರೆಗೆ ಗಂಟಕ್ಕ ಏಳತಕ್ಕದ್ದಲ್ಲ. ಅಭ್ಯಾಸಬಲದಿಂದ ಎದ್ದುಬಿಟ್ಟರೆ ಪಕ್ಕದವರು ಕೈಹಿಡಿದು ಕೂರಿಸತಕ್ಕದ್ದು. ಇದನ್ನು ನಕಲು ಎಂದು ಪರಿಗಣಿಸಲಾಗುವುದಿಲ್ಲ.

(ಸಹಿ)
ಶಾಖಾಧಿಕಾರಿ
ಹೆಬ್ಬೆರಳ ನೋವಿನ ಕಾರಣ, ಪ್ರಾಂಶುಪಾಲರ ಪರವಾಗಿ

ಪ್ರತಿಗಳು:
ಇತಿಹಾಸದ ಉಪನ್ಯಾಸಕರಿಗೆ, ಸಾವುಗಳನ್ನು ಚುಟುಕಾಗಿ ಹೇಳುವ ಕೋರಿಕೆಯೊಂದಿಗೆ.
ಕ್ಯಾಂಟೀನಿನ ಅಡುಗೆಯವರಿಗೆ, ತರಗತಿಯಲ್ಲಿ ಮರೆತುಹೋದ ಸೌಟನ್ನು ಕಾರ್ಯಾಲಯದಿಂದ ಪಡೆದುಕೊಳ್ಳುವ ಸೂಚನೆಯೊಂದಿಗೆ.
ಹಿಂದಿನ ಬೆಂಚಿಗೆ, ಎಚ್ಚರವಾದ ಮೇಲೆ ಮಾಹಿತಿಗಾಗಿ.
ದುರಸ್ತಿ ಕಡತಕ್ಕೆ, ಸಿಕ್ಕಿದರೆ. ಅವಸರವಿಲ್ಲ.
ಗಂಟಕ್ಕನಿಗೆ, ಕೊನೆಯ ಸಾಲಿನವರೆಗೆ ಓದಿಯೇ ಏಳುವ ಸೂಚನೆಯೊಂದಿಗೆ. ಪ್ರವೇಶ ಪತ್ರವನ್ನು ಇದರ ಕೆಳಗೆ ಪಿನ್ ಮಾಡಲಾಗಿದೆ.