ಕಲ್ಲಹೊನ್ನಿಹಾಳದ ಒಗೆಯುವ ಕಲ್ಲಿನ ಮಹಾಸಮರ

ಸ್ವಸ್ತಿ! ಪಾಠಯೋಜನಾಪೀಡಿತವಾದ ಈ ಯುಗದಲ್ಲಿ, ನಾಲ್ಕನೆಯ ಸೆಮಿಸ್ಟರೆಂಬ ಘೋರ ಋತುವಿನ ಒಂದು ಬುಧವಾರ, ಸಪ್ತವರ್ಣಸ್ಕೆಚ್‌ಪೆನ್ನಾಯುಧಧಾರಿಣಿಯೂ ಅಳತೆಟೇಪಾಲಂಕೃತಕಟಿಪ್ರದೇಶೆಯೂ ಆದ ಬಿ.ಎಡ್. ವಿದ್ಯಾರ್ಥಿನಿ ನೀಲಾಂಬಿಕಾ ಹೂಗಾರಳು ಮೂವತ್ತೆಂಟು ಸಹಪಾಠಿಗಳ ಅಕ್ಷೌಹಿಣಿಯೊಡನೆ ಕಲ್ಲಹೊನ್ನಿಹಾಳದ ಮೇಲೆ ದಂಡೆತ್ತಿ ಬಂದ ಕಥೆಯನ್ನು, ಎಲೈ ವಾಚಕ ಮಹಾಶಯರೇ, ಆಕಳಿಸದೆ ಕೇಳಿರಿ.

ಅದು ಅವಳ ಕೊನೆಯ ಅಭ್ಯಾಸ ಪಾಠ. ಊರಿನ ಪರಂಪರೆಯ ನಡಿಗೆ ನಡೆಸಿ, ಒಂದೇ ವೀರಗಲ್ಲಿನ ಮುಂದೆ ನಿಂತು ಇತಿಹಾಸ, ಗಣಿತ, ವಿಜ್ಞಾನ, ಕನ್ನಡ ನಾಲ್ಕನ್ನೂ ಕಲಿಸಬೇಕು. ಹಿಂದಿನ ಸಲ ತರಗತಿಯಲ್ಲಿ ಬಾಯಿ ಒಣಗಿ ನಿಂತುಬಿಟ್ಟಿದ್ದಳು. ಪಾಠ ನೋಡಿ ಅಂಕ ಕೊಡುವ ಕುಬಸದ ಸರ್ ಸಹಿ ಹಾಕದೆ ಪಾಠಯೋಜನೆಯ ಪುಸ್ತಕ ಮುಚ್ಚಿದ್ದರು. ಈ ಸಲವೂ ಸಹಿ ಬೀಳದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ. ಪಾಪ, ವೀರಾಗ್ರಣಿಯ ಎದೆಯಲ್ಲಿ ಅವಲಕ್ಕಿ ಕುಟ್ಟುತ್ತಿತ್ತು.

ಆದರೆ ಸಿದ್ಧತೆಗೇನು ಕಡಿಮೆ? ಭಾನುವಾರವೇ ಒಬ್ಬಳೇ ಬಂದು, ಕೆರೆಯ ದಂಡೆಯಲ್ಲಿ ಬೋರಲಾಗಿ ಬಿದ್ದಿದ್ದ ಕರಿಕಲ್ಲನ್ನು ಕಂಡು, ಇದೇ ವೀರಗಲ್ಲೆಂದು ನಿಶ್ಚಯಿಸಿ, ಉದ್ದಗಲ ಅಳೆದು, ನಲವತ್ತು ಪುಟದ ಪಾಠಯೋಜನೆ ಬರೆದಿದ್ದಳು. ಊರ ಹೆಬ್ಬಾಗಿಲಾದ ಅಗಸಿಯಲ್ಲಿ ಬಸ್ಸಿಳಿದ ಸೇನೆ ತನ್ನ ಬುತ್ತಿಚೀಲಗಳನ್ನೆಲ್ಲ ಅಲ್ಲೇ ನೆಟ್ಟಿದ್ದ ಕಲ್ಲೊಂದಕ್ಕೆ ತೂಗುಹಾಕಿ, ಒರಗಿಸಿ, ಕೈಬೀಸಿಕೊಂಡು ಕೆರೆಯತ್ತ ಸಾಗಿತು.

ಅಯ್ಯೋ ವಿಧಿಯೇ! ಕೆರೆದಂಡೆಯ ಆ ಶಿಲೆಯ ಮೇಲೆ ಸಾಬೂನುಫೇನಾವೃತಬಾಹುವಾದ ಊರಿನ ತುಳಜವ್ವಜ್ಜಿ ಹಳೆ ಸೀರೆಗಳಿಂದ ಹೊಲಿದ ಒಂದು ಮಹಾಕೌದಿಯನ್ನು ಹರಡಿಕೊಂಡು ದಬದಬನೆ ಬಡಿಯುತ್ತಿದ್ದಳು.

ಪಾಠ ನೋಡಲು ಜೊತೆಗೇ ಬಂದಿದ್ದ ಕುಬಸದ ಸರ್ ಗಡಿಯಾರ ನೋಡಿದರು. ನೀಲಾಂಬಿಕೆ ಗಂಟಲು ಸರಿಪಡಿಸಿ, ಬಾಯಿಪಾಠ ಮಾಡಿದ ಗ್ರಾಂಥಿಕದಲ್ಲೇ ಗರ್ಜಿಸಿದಳು: “ಎಲೈ ಮಾತೆಯೇ! ತಾವು ತಾಡಿಸುತ್ತಿರುವುದು ಇತಿಹಾಸದ ಬೆನ್ನನ್ನು! ತುರುಗಾಳಗದಲ್ಲಿ ಮಡಿದ ಮಹಾಶೂರನು ಈ ಶಿಲೆಯ ಅಧೋಮುಖದಲ್ಲಿ ಶಯನಿಸಿದ್ದಾನೆ. ಅವನನ್ನು ಅಂಗುಲ ಅಂಗುಲವಾಗಿ ಅಳೆದವಳು ನಾನು! ಸರಿಯಿರಿ, ಇಲ್ಲವೇ ಮೂವತ್ತೆಂಟು ಭಾವೀ ಶಿಕ್ಷಕರ ಪ್ರಶ್ನಾವಳಿಯನ್ನು ಎದುರಿಸಿರಿ!”

“ಯಾಕವಾ ತಂಗಿ, ರೇಡಿಯೋದಾಗ ಮಾತಾಡಿದಂಗ ಮಾತಾಡ್ತಿ?” ಎಂದಳು ತುಳಜವ್ವ, ಕೈ ನಿಲ್ಲಿಸದೆ. “ಮೊಮ್ಮಗಳು ಬಾಣಂತನಕ್ಕ ಬರಾಕತ್ತಾಳ. ಈ ಕೌದಿ ಒಗಿಯೂತನಾ ದೇವರು ಬಂದ್ರೂ ನಾ ಏಳಂಗಿಲ್ಲ!”

ಸರ್ ಪೆನ್ನಿನ ಮುಚ್ಚಳ ತೆಗೆದರು, ಮತ್ತೆ ಹಾಕಿದರು. ಆ ಸಣ್ಣ ಟಿಕ್ಕೆಂಬ ಸದ್ದು ನೀಲಾಂಬಿಕೆಯ ಕಿವಿಗೆ ಸಿಡಿಲಾಯಿತು. ಆದದ್ದಾಗಲೆಂದು ಸೆರಗು ಸೊಂಟಕ್ಕೆ ಸಿಕ್ಕಿಸಿ ನೀರಿಗಿಳಿದವಳೇ, “ಹಿಡೀರಿ!” ಎಂದಳು. ಸೇನೆ ಕೌದಿಯ ಮೇಲೆ ಬಿತ್ತು. ಬಡಿದರು, ಜಾಲಿಸಿದರು, ಆಚೆ ಹತ್ತು ಈಚೆ ಹತ್ತು ಮಂದಿ ನಿಂತು ಹಿಂಡಿದರು. ಗಣಿತಪ್ರವೀಣನೊಬ್ಬ ಒದ್ದೆ ಕೌದಿಯ ತೂಕ ಅಂದಾಜಿಸಿ ಘೋಷಿಸಿದ, ಯಾರೂ ಕೇಳಲಿಲ್ಲ. ಅರ್ಧ ಗಂಟೆಯಲ್ಲಿ ಕೌದಿ ಜಾಲಿಕಂಟಿಯ ಮೇಲೆ ಹರಡಿತ್ತು.

ಇನ್ನು ಶಿಲೋತ್ಥಾನ! “ಐಸಾ!” ಎಂದು ಹನ್ನೆರಡು ಜನ ಹೆಗಲು ಕೊಟ್ಟು ಕಲ್ಲನ್ನು ಮಗುಚಿದರು. ಕೆಳಗೆ ಎರಡು ಕಪ್ಪೆ, ಒಂದು ಸವೆದ ಸಾಬೂನು. ಕಲ್ಲಿನ ಮೇಲೆ ವೀರನಿಲ್ಲ, ಅಕ್ಷರವಿಲ್ಲ, ಒಂದು ಗೀರೂ ಇಲ್ಲ.

“ಅಯ್ಯ ನನ ಕರ್ಮವೇ!” ಎಂದಳು ತುಳಜವ್ವ. “ಇದು ನಮ್ಮತ್ತಿ ಚಕ್ಕಡ್ಯಾಗ ತರಿಸಿದ ಒಗಿಯೂ ಕಲ್ಲು. ಒಂದ ಮಾತು ಕೇಳಿದ್ರ ಹೇಳ್ತಿದ್ನಿಲ್ಲ?”

“ಹಂಗಾರ ವೀರಗಲ್ಲು ಎಲ್ಲೈತಿ, ಅಜ್ಜಿ?” ನೀಲಾಂಬಿಕೆಯ ಗ್ರಾಂಥಿಕ ಕೆರೆಯ ಪಾಲಾಗಿತ್ತು.

“ಅಗಸ್ಯಾಗ. ನಿಮ್ಮ ಬುತ್ತಿಚೀಲ ಯಾರ ಕೊರಳಿಗೆ ಹಾಕಿ ಬಂದೀರಿ ಮತ್ತ?”

ಎಲ್ಲವೂ ಮುಗಿಯಿತೆಂದು ನೀಲಾಂಬಿಕೆಗೆ ಅನಿಸಿತು. ನಲವತ್ತು ಪುಟ ನೀರುಪಾಲು. ಸರ್ ಮುಖ ನೋಡುವ ಧೈರ್ಯವಾಗದೆ ಅಜ್ಜಿಯ ಮುಖ ನೋಡಿದಳು. ಅಜ್ಜಿ ಕಿಸಕ್ಕನೆ ನಕ್ಕಳು, ಇವಳಿಗೂ ನಗು ತಡೆಯಲಾಗಲಿಲ್ಲ. ನಗುನಗುತ್ತಲೇ ಬಾಯಿಬಿಟ್ಟಳು: “ಬರ್ರಿ ಅಜ್ಜಿ, ನೀವ ತೋರಿಸ್ರಿ. ಪಾಠ ಅಲ್ಲೇ ಶುರು.”

ಅಗಸಿಯಲ್ಲಿ ಚೀಲಗಳನ್ನೆಲ್ಲ ಇಳಿಸಿದಾಗ ವೀರ ಕಂಡ: ಕೈಯಲ್ಲಿ ಕತ್ತಿ, ಹಿಂದೆ ದನಗಳು, ಜಿಡ್ಡುಗಟ್ಟಿದ ಮೀಸೆ. “ಎಮ್ಮಿ ಈದ ಮನ್ಯಾವ್ರು ಮೊದಲ ಬೆಣ್ಣಿ ಇವನ ಮೀಸಿಗೆ ಹಚ್ಚತೀವಿ,” ಎಂದಳು ತುಳಜವ್ವ. ಬೆರಳು ತಾಗಿ ಮೀಸೆ ಎಷ್ಟು ಸವೆದಿದೆ, ಎಷ್ಟು ತಲೆಮಾರು ಬೇಕಾಯಿತು, ಇದೆಂಥ ಕಲ್ಲು, ಕೆಳಗಿನ ಅಕ್ಷರ ಯಾವುದು ಎಂದು ನೀಲಾಂಬಿಕೆ ತನ್ನ ಸೇನೆಯನ್ನು ಒಂದರ ಮೇಲೊಂದು ಪ್ರಶ್ನೆ ಕೇಳಿದಳು. ಒಂದು ಗಂಟೆ ಹೋದದ್ದು ಯಾರಿಗೂ ತಿಳಿಯಲಿಲ್ಲ. ಅವಳ ಬಾಯಿ ಒಣಗಲೇ ಇಲ್ಲ.

ಬಸ್ಸಿನ ಹೊತ್ತಿಗೆ ತುಳಜವ್ವ ಅಡ್ಡ ನಿಂತಳು. “ನನ ಕಲ್ಲು ಮೊದಲಿನಂಗ ತಿರುವಿ ಇಟ್ಟು ಹೋಗ್ರಿ. ನಾಳಿ ಚಾದರ ಒಗಿಬೇಕು.” ವಿಜಯೀ ಸೇನೆ ತಲೆ ತಗ್ಗಿಸಿ ಮತ್ತೆ ಕೆರೆಗೆ ನಡೆಯಿತು.

ಮೈಯೆಲ್ಲ ಕೆಸರಾಗಿ ಬಸ್ಸು ಹತ್ತಿದ ನೀಲಾಂಬಿಕೆ ಸರ್ ಮರಳಿಸಿದ ಪುಸ್ತಕ ತೆರೆದಳು. ಸಹಿ ಇತ್ತು! ಅದರ ಮೇಲೆ, ಬಳಸಿದ ಬೋಧನೋಪಕರಣಗಳು ಎಂಬಲ್ಲಿ ಅವಳು ಬರೆದಿದ್ದ ಹದಿನಾಲ್ಕನ್ನೂ ಹೊಡೆದುಹಾಕಿ, ಕುಬಸದ ಸರ್ ಕೆಂಪು ಶಾಯಿಯಲ್ಲಿ ತಾವೇ ಬರೆದಿದ್ದರು: “ಕೌದಿ, ಒಂದು. ಒಗೆದದ್ದು.”